ಮಲೆನಾಡಿನ ಮರದ ಮನೆ ಕೊಳ್ಳುವ ಮುನ್ನ

ಬೆಂಗಳೂರಿನ ಮಲ್ಲತ್ತಹಳ್ಳಿ, ನಾಗರಬಾವಿ, ಉಲ್ಲಾಳದ ಕಡೆ ಮನೆ ಕಟ್ಟಿಕೊಂಡು ನೆಲೆಸಿದವರಲ್ಲಿ ಮಲೆನಾಡಿನ ಮೂಲದವರು ಸಾಕಷ್ಟು ಮಂದಿ ಇದ್ದಾರೆ. ಮೂವತ್ತು ನಲವತ್ತರ ಸೈಟು, ಅದರ ಮೇಲೆ ಎರಡು ಅಂತಸ್ತು, ಮಕ್ಕಳ ಓದು, ಮದುವೆ ಎಲ್ಲ ಮುಗಿದು ನಿವೃತ್ತಿ ಹತ್ತಿರವಾದಾಗ ಮನೆಯ ಮಾತು ಊರಿನತ್ತ ಹೊರಳುತ್ತದೆ. ಒಂದು ಹಳೇ ತೊಟ್ಟಿ ಮನೆ, ಹಿತ್ತಲಲ್ಲಿ ನಾಲ್ಕು ಅಡಿಕೆ ಮರ ಇದ್ದರೆ ಸಾಕು ಎನ್ನುವ ಆಸೆ ಅದು. ಮಲೆನಾಡಿನ ನಂಟಿಲ್ಲದವರಿಗೂ ಈಗ ಈ ಆಸೆ ಹತ್ತಿದೆ. ಮಂಡ್ಯ, ತುಮಕೂರಿನವರು, ಐಟಿ ಕೆಲಸದಲ್ಲಿರುವ ದಂಪತಿ, ಲಂಡನ್ನಿನಿಂದ ವಾಪಸು ಬರುವ ಯೋಚನೆಯಲ್ಲಿರುವವರು ಎಲ್ಲರೂ ತೀರ್ಥಹಳ್ಳಿ, ಕೊಪ್ಪ, ಸಾಗರ, ಶಿರಸಿ, ಸಕಲೇಶಪುರದ ಸುತ್ತ ಮನೆ ಹುಡುಕುತ್ತಾರೆ.

ನಮ್ಮ ಮಲ್ಲತ್ತಹಳ್ಳಿಗೂ ಆ ಸೀಮೆಗೂ ಇನ್ನೊಂದು ನಂಟಿದೆ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಅವರ ಅಂತ್ಯಸಂಸ್ಕಾರ 2014ರಲ್ಲಿ ನಡೆದದ್ದು ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ. ಅದಕ್ಕೂ ಎಂಟು ತಿಂಗಳು ಮೊದಲು ಶಿವಮೊಗ್ಗ ಜಿಲ್ಲೆಯವರೇ ಆದ ಜಿ.ಎಸ್. ಶಿವರುದ್ರಪ್ಪ ಅವರ ಅಂತ್ಯಸಂಸ್ಕಾರವೂ ಅಲ್ಲೇ ನಡೆದಿತ್ತು. ಅವರ ಪುಸ್ತಕಗಳನ್ನು ಓದಿ ಬೆಳೆದವರಿಗೆ ಮಲೆನಾಡಿನ ಮನೆ ಎಂದರೆ ಬರೀ ಆಸ್ತಿಯಲ್ಲ. ಆದರೆ ಕೊಳ್ಳುವ ದಿನ ಅದು ಆಸ್ತಿಯೇ. ಪ್ರೀತಿ ಹೆಚ್ಚಿದ್ದಷ್ಟೂ ಕಣ್ಣು ಚುರುಕಾಗಿರಬೇಕು.

ಮಾರುವವರೂ ಇದ್ದಾರೆ. ತೋಟ ಭಾಗವಾಗಿದೆ, ಮಕ್ಕಳು ಊರು ಬಿಟ್ಟಿದ್ದಾರೆ, ವಯಸ್ಸಾದ ತಂದೆ ತಾಯಿಗೆ ಅಷ್ಟು ದೊಡ್ಡ ಮನೆಯನ್ನು ಗುಡಿಸಿ ಸಾರಿಸಿ ಇಟ್ಟುಕೊಳ್ಳಲು ಆಗುತ್ತಿಲ್ಲ. ಇಂಥ ಮನೆಗಳು ಎರಡು ರೀತಿಯಲ್ಲಿ ಮಾರಾಟವಾಗುತ್ತವೆ. ಜಾಗದ ಸಮೇತ ಇಡೀ ಮನೆ ಹೋಗುವುದು ಒಂದು. ಮನೆ ಬಿಚ್ಚಿ, ಕಂಬ, ತೊಲೆ, ಬಾಗಿಲುವಾಡ, ಅಟ್ಟದ ಹಲಗೆ ಎಂದು ಬಿಡಿಬಿಡಿಯಾಗಿ ಲಾರಿ ಹತ್ತುವುದು ಇನ್ನೊಂದು. ಬೆಂಗಳೂರಿನ ಎಷ್ಟೋ ಹೊಸ ಬಂಗಲೆಗಳ ಹಜಾರದಲ್ಲಿ ಏನನ್ನೂ ಹೊರದೆ ನಿಂತಿರುವ ಕೆತ್ತನೆಯ ಕಂಬಗಳು ಹೀಗೆ ಬಂದವು. ಕೈಯಲ್ಲಿ ದುಡ್ಡಿದ್ದರೆ, ನಿಂತಿರುವ ಮನೆಯನ್ನು ನಿಂತಲ್ಲೇ ಕೊಂಡು ಉಳಿಸಿಕೊಳ್ಳಿ ಎಂಬುದು ನನ್ನ ಮನವಿ. ಈ ಲೇಖನ ಮುಖ್ಯವಾಗಿ ಅಂಥವರಿಗೆ.

ಮೊದಲು ಕಣ್ಣು ಪಳಗಲಿ

ಮನೆ ಹುಡುಕುವ ಮೊದಲು ಕುಪ್ಪಳಿಗೆ ಹೋಗಿಬನ್ನಿ. ತೀರ್ಥಹಳ್ಳಿ ತಾಲ್ಲೂಕಿನ ಈ ಊರಿನಲ್ಲಿರುವ ಕುವೆಂಪು ಅವರ ಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ದುರಸ್ತಿ ಮಾಡಿಸಿ ಕವಿಮನೆ ಎಂಬ ವಸ್ತುಸಂಗ್ರಹಾಲಯ ಮಾಡಿದೆ. ಜನ ಅಲ್ಲಿ ಕವಿಯ ವಸ್ತುಗಳನ್ನು ನೋಡಿ ಹೊರಡುತ್ತಾರೆ. ನೀವು ಮನೆಯನ್ನೇ ನೋಡಿ. ತೊಟ್ಟಿಯ ಸುತ್ತ ಕಂಬಗಳು ಎಷ್ಟು ಅಂತರಕ್ಕೆ ನಿಂತಿವೆ, ಕಂಬದ ಬುಡ ನೆಲಕ್ಕೆ ತಾಗದ ಹಾಗೆ ಕಲ್ಲು ಹೇಗೆ ಕೊಟ್ಟಿದ್ದಾರೆ, ಕಂಬದ ತಲೆಯ ಬೋದಿಗೆ ತೊಲೆಯ ಭಾರವನ್ನು ಹೇಗೆ ಹಂಚುತ್ತದೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಹಲಗೆ ಹೇಗೆ ಕೂತಿದೆ, ಸೂರು ಗೋಡೆಯಿಂದ ಎಷ್ಟು ಮುಂದಕ್ಕೆ ಚಾಚಿದೆ. ಅರ್ಧ ದಿನ ಹೀಗೆ ನೋಡಿದರೆ ದಲ್ಲಾಳಿ ತೋರಿಸುವ ಮನೆಯಲ್ಲಿ ಏನು ಬದಲಾಗಿದೆ, ಏನು ಕಾಣೆಯಾಗಿದೆ ಎಂಬುದು ತಾನಾಗಿ ಕಣ್ಣಿಗೆ ಬೀಳುತ್ತದೆ.

ಇನ್ನೂ ಸಮಯವಿದ್ದರೆ ಘಟ್ಟ ಇಳಿದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೂ ಹೋಗಿ. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರು ನೆಲಸಮವಾಗುತ್ತಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು, ಒಂದೊಂದು ತುಂಡನ್ನೂ ಮೊದಲಿದ್ದ ಜಾಗಕ್ಕೇ ಜೋಡಿಸಿ ನಿಲ್ಲಿಸಿದ ಊರು ಅದು. ಕುಂಜೂರು ಚೌಕಿಮನೆ, ಮಿಯಾರು ಮನೆ, ಕುಕನೂರಿನ ಕಮಲ ಮಹಲು ಎಲ್ಲ ಅಲ್ಲಿವೆ. ಶೆಣೈ 2017ರಲ್ಲಿ ತೀರಿಕೊಂಡರು. ಮನೆ ಬಿಚ್ಚಿ ಸಾಗಿಸುವುದು ಎಂಥ ತಾಳ್ಮೆಯ ಕೆಲಸ ಎಂದು ತಿಳಿಯಲು ನಮ್ಮ ರಾಜ್ಯದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಈ ಮನೆಗಳ ರಚನೆಯ ಬಗ್ಗೆ ಒಂದು ಮಾತು ತಿಳಿದಿರಬೇಕು. ಮಾಡಿನ ಭಾರ ಹೊರುವುದು ಹೆಚ್ಚಾಗಿ ಮರದ ಚೌಕಟ್ಟು. ಒಳಗಿನ ಎಷ್ಟೋ ಗೋಡೆಗಳು ಬರೀ ಮರೆ. ಹಳೆಯ ಕೆಲಸದಲ್ಲಿ ತೊಲೆಯ ತುದಿಯನ್ನು ಸಣ್ಣಗೆ ಕೆತ್ತಿ ಕಂಬದ ತೂತಿಗೆ ಕೂರಿಸಿ ಅಡ್ಡಲಾಗಿ ಮರದ ಗೂಟ ಹೊಡೆದಿರುತ್ತಾರೆ. ಕಬ್ಬಿಣದ ಮೊಳೆ ಕಾಣುವುದು ಅಪರೂಪ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ದೊಡ್ಡ ಬೆಲೆಗೆ ಮಾರಾಟವಾಗುವ ಓಕ್ ಚೌಕಟ್ಟಿನ ಮನೆಗಳ ಜೋಡಣೆಯೂ ಹೀಗೆಯೇ. ಅಲ್ಲಿ ಹಸಿ ಓಕ್ ಮರವನ್ನೇ ಕೆತ್ತಿ ಜೋಡಿಸುತ್ತಾರೆ. ಮರ ನಿಂತಲ್ಲೇ ಒಣಗುತ್ತಾ ಬಂದಂತೆ ಜೋಡಣೆ ಬಿಗಿಯಾಗುತ್ತದೆ. ಎರಡು ಕಡೆಯ ವ್ಯತ್ಯಾಸ ಇರುವುದು ವ್ಯವಸ್ಥೆಯಲ್ಲಿ. ಇಂಗ್ಲೆಂಡಿನಲ್ಲಿ ಸಂರಕ್ಷಿತ ಕಟ್ಟಡಗಳ ಸರ್ಕಾರಿ ಪಟ್ಟಿಯಲ್ಲಿ ಸುಮಾರು 4 ಲಕ್ಷ ನಮೂದುಗಳಿವೆ. ಆ ಪಟ್ಟಿಯಲ್ಲಿರುವ ಮನೆಯ ಸ್ವರೂಪವನ್ನು ಅನುಮತಿ ಇಲ್ಲದೆ ಬದಲಿಸಿದರೆ ಅದು ಅಪರಾಧ. ಕೊಳ್ಳುವವರು ಪರಿಣತರಿಂದ ಮನೆ ಪರೀಕ್ಷೆ ಮಾಡಿಸಿ ಲಿಖಿತ ವರದಿ ತರಿಸಿಕೊಳ್ಳುವುದೂ ಅಲ್ಲಿ ರೂಢಿ. ನಮ್ಮಲ್ಲಿ ಹಳ್ಳಿಯ ಒಂದು ತೊಟ್ಟಿ ಮನೆಗೆ ಇಂಥ ಯಾವ ಕಾವಲೂ ಇಲ್ಲ. ಪರೀಕ್ಷೆಯನ್ನೂ ಕಾವಲನ್ನೂ ಕೊಳ್ಳುವವರೇ ಮಾಡಿಕೊಳ್ಳಬೇಕು.

ಮಳೆಗಾಲದಲ್ಲಿ ನೋಡಿ

ಬೇಸಿಗೆಯಲ್ಲಿ ಮಲೆನಾಡಿನ ಎಲ್ಲ ಮನೆಯೂ ಚೆಂದ. ಮನೆ ತೋರಿಸುವವರು ಜನವರಿಯಿಂದ ಮೇವರೆಗೆ ಕರೆಯುತ್ತಾರೆ. ರಸ್ತೆ ಒಣಗಿರುತ್ತದೆ, ಗೋಡೆಗೆ ಹೊಸ ಸುಣ್ಣ ಬಿದ್ದಿರುತ್ತದೆ, ಅಂಗಳ ಸಾರಿಸಿರುತ್ತದೆ. ಆಗ ಮಾತುಕತೆ ಆಡಿ. ಮುಂಗಡ ಕೊಡುವ ಮೊದಲು ಆರಿದ್ರಾ, ಪುನರ್ವಸು ಮಳೆ ಹಿಡಿದಾಗ ಇನ್ನೊಮ್ಮೆ ಹೋಗಿ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 1000 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ ಅದು 7000 ದಾಟುತ್ತದೆ. ಮರದ ಮನೆಯ ನಿಜವಾದ ಸ್ಥಿತಿ ಹೇಳುವುದು ಈ ಮಳೆ. ಹುಳು, ಗೆದ್ದಲು, ಕೊಳೆ, ಬಿರುಕು ಯಾವುದರ ಬೆನ್ನು ಹತ್ತಿದರೂ ಕೊನೆಗೆ ಸಿಗುವುದು ನೀರು ಸೋರುವ ಒಂದು ಜಾಗ.

ನೋಡುವಾಗ ಮೇಲಿನಿಂದ ಕೆಳಕ್ಕೆ ಬನ್ನಿ. ಮೊದಲು ಅಟ್ಟ ಹತ್ತಿ. ಟಾರ್ಚ್ ಹಿಡಿದು ಹೆಂಚಿನ ಕೆಳಗಿನ ಪಕಾಸಿ, ರೀಪುಗಳನ್ನು ನೋಡಿ. ಕಪ್ಪಗಾದ ಕಲೆ ಇದ್ದಲ್ಲೆಲ್ಲ ಕೈಯಿಟ್ಟು ಹಸಿಯೋ ಒಣವೋ ನೋಡಿ. ಒಣಗಿದ ಹಳೆಯ ಕಲೆ ಹಿಂದೆಂದೋ ಸೋರಿ ದುರಸ್ತಿಯಾದದ್ದರ ಗುರುತಿರಬಹುದು. ಹಸಿ ಕಲೆ ಎಂದರೆ ಈಗಲೂ ಸೋರುತ್ತಿದೆ ಎಂದರ್ಥ. ಎರಡು ಮಾಡು ಸೇರುವ ಒಳಮೂಲೆಯೇ ತೊಟ್ಟಿ ಮನೆಯ ದುರ್ಬಲ ಜಾಗ. ನಾಲ್ಕು ದಿಕ್ಕಿನ ಮಾಡಿನ ನೀರು ತೊಟ್ಟಿಗೆ ಇಳಿಯುವಾಗ ಆ ನಾಲ್ಕು ಮೂಲೆಗಳ ಮೇಲೆ ಅತಿ ಹೆಚ್ಚು ನೀರು ಹರಿಯುತ್ತದೆ. ಅಲ್ಲಿನ ತಗಡು ತುಕ್ಕು ಹಿಡಿದಿದ್ದರೆ ಕೆಳಗಿನ ಮೂಲೆ ತೊಲೆ, ಅದರ ಕೆಳಗಿನ ಕಂಬ ಎರಡಕ್ಕೂ ಪೆಟ್ಟು ಬಿದ್ದಿರುತ್ತದೆ. ಬೇರೆಲ್ಲ ನೋಡಲು ಪುರುಸೊತ್ತಿಲ್ಲದಿದ್ದರೂ ಈ ನಾಲ್ಕು ಮೂಲೆಗಳನ್ನು ನೋಡದೆ ಬರಬೇಡಿ.

ಹೆಂಚಿನ ಬಗ್ಗೆ ಹೆಚ್ಚು ಭಯ ಬೇಡ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಕಾರ್ಖಾನೆ ಹಾಕಿದ ಮೇಲೆ ಹರಡಿದ ಹೆಂಚು ಇದು. ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು ಒತ್ತಿದ ಹಳೆಯ ಹೆಂಚುಗಳು ಇಂದಿಗೂ ಗಟ್ಟಿಯಾಗಿವೆ. ಚದರ ಮೀಟರಿಗೆ ಸುಮಾರು 15 ಹೆಂಚು ಹಿಡಿಯುತ್ತದೆ. 3000 ಚದರ ಅಡಿ ಮಾಡಿಗೆ ನಾಲ್ಕು ಸಾವಿರ ಹೆಂಚು, ಒಣಗಿದ್ದಾಗಲೇ ಹತ್ತು ಟನ್ನಿನಷ್ಟು ಭಾರ. ಹೆಂಚು ಒಡೆದರೆ ಬದಲಿಸಬಹುದು. ಅದನ್ನು ಹೊತ್ತ ಮರ ಸೋತಿದ್ದರೆ ಖರ್ಚು ಬೇರೆಯೇ ಆಗುತ್ತದೆ. ಹೊರಗೆ ಅಂಗಳದಲ್ಲಿ ನಿಂತು ಮಾಡಿನ ನೆತ್ತಿಯ ಗೆರೆ ನೋಡಿ. ನೆಟ್ಟಗಿದ್ದರೆ ಸರಿ. ನಡುವೆ ತಗ್ಗಿದ್ದರೆ ಅದರ ಕೆಳಗಿನ ತೊಲೆ ಬಾಗಿದೆ ಅಥವಾ ಕಂಬವೊಂದು ಕುಸಿದಿದೆ.

ಆಮೇಲೆ ಕಂಬಗಳಿಗೆ ಬನ್ನಿ. ಇಲ್ಲಿ ನಿಮಗೆ ಊರಿನ ಅನುಭವಸ್ಥ ಆಚಾರ್ರು ಬೇಕೇ ಬೇಕು. ಮನೆ ಮಾರುವವರು ಕರೆತಂದ ಆಚಾರ್ರು ಬೇಡ. ಪಕ್ಕದ ತಾಲ್ಲೂಕಿನವರನ್ನಾದರೂ ನೀವೇ ಹುಡುಕಿ, ಒಂದು ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗಿ. ಕೊಪ್ಪದ ಕಡೆ ಒಂದು ಮನೆಯಲ್ಲಿ ವಯಸ್ಸಾದ ಆಚಾರ್ರೊಬ್ಬರು ಕಂಬ ನೋಡಿದ ರೀತಿ ನನಗೆ ಪಾಠವಾಗಿತ್ತು. ಅವರು ಕೆತ್ತನೆಯ ಕಡೆ ಕಣ್ಣೂ ಹಾಯಿಸಲಿಲ್ಲ. ಉಳಿಯ ಹಿಡಿಯಿಂದ ನೆತ್ತಿಯಿಂದ ಬುಡದವರೆಗೆ ಗೇಣು ಗೇಣಿಗೆ ಬಡಿಯುತ್ತಾ ಬಂದರು. ಮೇಲೆಲ್ಲ ಕಣಕಣ ಎಂದ ಮರ, ನೆಲಕ್ಕೆ ಒಂದು ಮೊಳ ಇರುವಾಗ ಬುಸ್ಸೆಂದಿತು. ಅಲ್ಲಿ ಚೂಪು ಕಬ್ಬಿಣದ ಕಡ್ಡಿ ಒತ್ತಿದರೆ ಎರಡು ಇಂಚು ಒಳಗೆ ಹೋಯಿತು. "ಮೇಲಿಂದು ಚೇಗು ಸ್ವಾಮಿ, ಇನ್ನು ನೂರು ವರ್ಷ ಬರುತ್ತೆ. ಬುಡ ಕೊಯ್ದು ಕಲ್ಲು ಎತ್ತರಿಸಿದರೆ ಆಯ್ತು" ಎಂದರು. ಕೊಳ್ಳಲು ಬಂದಿದ್ದವರು ಅಷ್ಟು ಹೊತ್ತಿಗೆ ಮನೆ ಬೇಡವೆಂದು ಕಾರಿನತ್ತ ನಡೆದಿದ್ದರು. ಬುಡ ಕೊಳೆತ ಕಂಬ ಎಂದರೆ ಸತ್ತ ಕಂಬವಲ್ಲ. ಜಾಕ್ ಕೊಟ್ಟು ತೊಲೆ ಎತ್ತಿ, ಕೊಳೆತ ಭಾಗ ಕೊಯ್ದು, ಅದೇ ಜಾತಿಯ ಹಳೆಯ ಮರದ ತುಂಡನ್ನು ಕಚ್ಚು ಹಾಕಿ ಜೋಡಿಸುವ ಕೆಲಸ ಬಲ್ಲವರು ಮಲೆನಾಡಿನಲ್ಲಿ ಇನ್ನೂ ಇದ್ದಾರೆ. ಬೆಲೆ ಮಾತಾಡುವಾಗ ಅದರ ಖರ್ಚನ್ನು ಕಳೆಯಬೇಕು, ಅಷ್ಟೆ.

ಮರದಿಂದ ಹಿಟ್ಟು ಉದುರಿದ್ದರೆ ಕುಟ್ಟೆ ಹಿಡಿದಿದೆ. ಹಿಟ್ಟು ಬೆಳ್ಳಗೆ ಹೊಸದಾಗಿದ್ದರೆ ಹುಳು ಇನ್ನೂ ಕೆಲಸ ಮಾಡುತ್ತಿದೆ. ಗೆದ್ದಲಿನ ಮಣ್ಣಿನ ಗೆರೆ ಗೋಡೆಯ ಮೇಲೆ ಎದ್ದು ಕಾಣುತ್ತದೆ. ಕಾಣದೆ ಹೋಗುವುದು ಗೋಡೆಯೊಳಗೆ ಹುದುಗಿದ ತೊಲೆಯ ತುದಿ. ಮಣ್ಣುಗೋಡೆಯೊಳಗೆ ಗೆದ್ದಲು ಸದ್ದಿಲ್ಲದೆ ಮೇಲೇರಿ ಆ ತುದಿಯನ್ನು ಟೊಳ್ಳು ಮಾಡಿರುತ್ತದೆ. ಸಂಶಯವಿದ್ದರೆ ಒಂದೆರಡು ಕಡೆ ಗಾರೆ ಬಿಡಿಸಿ ನೋಡಲು ಮಾಲೀಕರ ಒಪ್ಪಿಗೆ ಕೇಳಿ. ಒಪ್ಪದಿದ್ದರೆ ಆ ತೊಲೆಗಳನ್ನು ಬದಲಿಸಬೇಕಾದೀತು ಎಂದುಕೊಂಡೇ ಬೆಲೆ ಕಟ್ಟಿ. ತೇವ ಅಳೆಯುವ ಸಣ್ಣ ಯಂತ್ರ ಬೆಂಗಳೂರಿನಲ್ಲಿ ಸಲೀಸಾಗಿ ಸಿಗುತ್ತದೆ. ಮರದ ತೇವಾಂಶ ಶೇ 20ರ ಒಳಗಿದ್ದರೆ ಕೊಳೆ ತರುವ ಶಿಲೀಂಧ್ರ ಬೆಳೆಯುವುದಿಲ್ಲ. ಮಳೆಗಾಲದಲ್ಲೂ ಒಳಗಿನ ಕಂಬಗಳು ಆ ಅಂಕಿಯ ಕೆಳಗಿದ್ದರೆ ಮನೆ ಚೆನ್ನಾಗಿ ಉಸಿರಾಡುತ್ತಿದೆ ಎಂದು ತಿಳಿಯಿರಿ.

ಒಲೆಯ ವಿಷಯವನ್ನೂ ಕೇಳಿ. ಹಿಂದೆ ಅಡುಗೆ ಒಲೆ, ಬಚ್ಚಲ ಹಂಡೆ ಒಲೆ, ಅಡಿಕೆ ಬೇಯಿಸುವ ಒಲೆ ಮೂರರ ಹೊಗೆಯೂ ಅಟ್ಟಕ್ಕೇರಿ ಮಾಡಿನ ಮರವನ್ನು ಒಣಗಿಸುತ್ತಿತ್ತು, ಹುಳುವನ್ನು ದೂರವಿಡುತ್ತಿತ್ತು. ಗ್ಯಾಸ್ ಬಂದು ಒಲೆ ಆರಿದ ಮನೆಗಳಲ್ಲಿ, ಅದರಲ್ಲೂ ವರ್ಷಗಟ್ಟಲೆ ಬೀಗ ಹಾಕಿದ ಮನೆಗಳಲ್ಲಿ, ಅಡುಗೆಮನೆಯ ಮೇಲಿನ ಮರಕ್ಕೇ ಮೊದಲು ಕುಟ್ಟೆ ಹಿಡಿಯುತ್ತದೆ. ಜನ ವಾಸವಿರುವ ಹಳೆಯ ಮನೆಗೆ ಬೀಗ ಹಾಕಿದ ಮನೆಗಿಂತ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಯಾವ ಮರ ಎಂಬ ಪ್ರಶ್ನೆ ಆಮೇಲಿನದು. ತೇಗ, ಬೀಟೆ ಎಂದು ಹೇಳಿ ಬೆಲೆ ಏರಿಸುವುದು ಸಾಮಾನ್ಯ. ಮಲೆನಾಡಿನ ಮನೆಗಳಲ್ಲಿ ಹಲಸು, ಹೆಬ್ಬಲಸು, ಹೊನ್ನೆ, ಮತ್ತಿ, ನಂದಿ ಎಲ್ಲವೂ ಸೇರಿರುತ್ತವೆ. ಪಕಾಸಿಗೆ ಬೈನೆ, ರೀಪಿಗೆ ಅಡಿಕೆ ದಬ್ಬೆ ಹಾಕಿರುವುದೂ ಉಂಟು. ಇದರಲ್ಲಿ ಕೀಳೆಂಬುದಿಲ್ಲ. ಹಳೆಯ ಹಲಸಿನ ಕಂಬ ತೇಗದಷ್ಟೇ ನಂಬಿಕಸ್ಥ. ಬೆಲೆ ನಿಜವಾಗಿಯೂ ಮರದ ಜಾತಿಯ ಮೇಲೆ ನಿಂತಿದ್ದರೆ ಒಂದು ಸಣ್ಣ ಚಕ್ಕೆ ತೆಗೆದುಕೊಂಡು ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿರುವ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಪರೀಕ್ಷೆಗೆ ಕೊಡಿ. ಶುಲ್ಕ ಪಡೆದು ಮರದ ಜಾತಿ ಗುರುತಿಸಿ ಕೊಡುತ್ತಾರೆ. ಮಲ್ಲತ್ತಹಳ್ಳಿಯಿಂದ ಅದು ದೂರವೂ ಅಲ್ಲ.

ಕಾಗದಪತ್ರ

ಮನೆ ಮನಸ್ಸಿಗೆ ಬಂತು ಎಂದುಕೊಳ್ಳಿ. ಮುಂಗಡ ಕೊಡುವ ಮೊದಲು ವಕೀಲರ ಹತ್ತಿರ ಕೂರಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟ್ ವ್ಯವಹಾರ ಮಾತ್ರ ಗೊತ್ತಿರುವ ವಕೀಲರಿಗಿಂತ ಆ ತಾಲ್ಲೂಕಿನ ನ್ಯಾಯಾಲಯದಲ್ಲಿ ಕೆಲಸ ಮಾಡುವವರು ಮೇಲು. ಅಲ್ಲಿನ ಜಮೀನಿಗೆ ಅಲ್ಲಿನದೇ ಹೆಸರುಗಳಿವೆ, ಅಲ್ಲಿನದೇ ತೊಡಕುಗಳಿವೆ.

ಮಲೆನಾಡಿನ ಒಂಟಿ ಮನೆಗಳು ಹೆಚ್ಚಾಗಿ ತೋಟದ ಸರ್ವೆ ನಂಬರಿನಲ್ಲೇ ಇರುತ್ತವೆ. ಅಂದರೆ ನೀವು ಕೊಳ್ಳುವುದು ಕೃಷಿ ಜಮೀನು. ಮೊದಲು ಕೃಷಿಕರಲ್ಲದವರಿಗೆ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಅಡ್ಡಿಯಾಗಿದ್ದವು. 2020ರ ತಿದ್ದುಪಡಿಯಲ್ಲಿ ಅವನ್ನು ತೆಗೆದಿದ್ದಾರೆ. ಬೆಂಗಳೂರಿನ ನೌಕರಸ್ಥರು ಈಗ ಕೃಷಿ ಜಮೀನನ್ನು ತಮ್ಮ ಹೆಸರಿಗೆ ಮಾಡಿಕೊಳ್ಳಬಹುದು. ಪಹಣಿಯ 9ನೇ ಕಾಲಂನಲ್ಲಿ ಮಾರುವವರ ಹೆಸರಿದೆಯೇ, 11ನೇ ಕಾಲಂನಲ್ಲಿ ಸೊಸೈಟಿ ಸಾಲವೋ ಬ್ಯಾಂಕ್ ಸಾಲವೋ ನಮೂದಾಗಿದೆಯೇ ನೋಡಿ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಆಗಬೇಕು. ಆ ನಕ್ಷೆ ಮಾಡಿಸಲು ಹೊತ್ತು ಹಿಡಿಯುತ್ತದೆ, ಕರಾರಿನಲ್ಲಿ ಅದಕ್ಕೆ ಸಮಯ ಇಟ್ಟುಕೊಳ್ಳಿ. ಮನೆ ಗ್ರಾಮಠಾಣಾದಲ್ಲಿದ್ದರೆ ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11ಎ ಕೇಳಿ. 11ಬಿ ಮಾತ್ರ ಇದ್ದರೆ ಯಾಕೆ ಎಂದು ವಕೀಲರಿಂದ ತಿಳಿದುಕೊಳ್ಳದೆ ಮುಂದುವರಿಯಬೇಡಿ.

ಋಣಭಾರ ಪತ್ರ, ನಾವೆಲ್ಲ ಇಸಿ ಎನ್ನುವುದು, ಕನಿಷ್ಠ 30 ವರ್ಷದ್ದಾದರೂ ತೆಗೆಸಿ. 2004ರಿಂದ ಈಚಿನದು ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯ ಹಳೆಯ ಪುಸ್ತಕ ನೋಡಿಸಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿಯಿಲ್ಲದ ಮಾರಾಟ ಅಲ್ಲಿ ನಿಲ್ಲುವುದಿಲ್ಲ. ಎಷ್ಟು ಕೈ ಬದಲಾದರೂ ಜಮೀನು ಮೂಲದವರಿಗೆ ಮರಳುತ್ತದೆ, ಮರಳಬೇಕಾದದ್ದೂ ನ್ಯಾಯ. ಆದ್ದರಿಂದ ಮೂಲ ಮಂಜೂರಾತಿ ಯಾರಿಗೆ ಆಗಿತ್ತು ಎಂಬುದನ್ನು ಬುಡದವರೆಗೆ ಕೆದಕಿ ನೋಡಿ.

ಎಲ್ಲಕ್ಕಿಂತ ಹೆಚ್ಚು ವ್ಯಾಜ್ಯ ಹುಟ್ಟುವುದು ಮನೆಯ ಹೆಣ್ಣುಮಕ್ಕಳ ಸಹಿ ಬಿಟ್ಟುಹೋದಾಗ. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ. 2005ರ ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕಿತ್ತು ಎಂಬ ವಾದವನ್ನು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಹಳೆಯ ತೊಟ್ಟಿ ಮನೆ ಎಂದರೆ ಮೂರು ನಾಲ್ಕು ತಲೆಮಾರಿನ ಆಸ್ತಿ. ವಂಶವೃಕ್ಷ ತರಿಸಿ, ಮದುವೆಯಾಗಿ ಹೋದ ಅಕ್ಕತಂಗಿಯರು, ತೀರಿಕೊಂಡವರ ಮಕ್ಕಳು ಎಲ್ಲರನ್ನೂ ಎಣಿಸಿ ಸಹಿ ಹಾಕಿಸಿ. "ಅವಳಿಗೆ ಕೊಡೋದು ಕೊಟ್ಟಾಗಿದೆ, ಅವಳೇನೂ ಕೇಳೋಳಲ್ಲ" ಎಂಬ ಮಾತು ಕಿವಿಗೆ ಬಿದ್ದರೆ ಆ ಅಕ್ಕನನ್ನೇ ಖುದ್ದು ಕಂಡು ಮಾತಾಡಿ. ಅದು ಕಾನೂನಿಗೂ ಸರಿ, ಮನುಷ್ಯತ್ವಕ್ಕೂ ಸರಿ. ಕೊಡಗಿನ ಐನ್‌ಮನೆಗಳದ್ದಂತೂ ಬೇರೆಯೇ ಲೆಕ್ಕ. ಅವು ಇಡೀ ಒಕ್ಕಕ್ಕೆ ಸೇರಿದವು. ಒಬ್ಬರು ಬಂದು ಮಾರುತ್ತೇನೆ ಎಂದರೆ ಮಾತು ಮುಂದುವರಿಸಬೇಡಿ.

ವಿಸ್ತೀರ್ಣ ಕೇಳುವಾಗಲೂ ಎಚ್ಚರ ಬೇಕು. "ಎರಡು ಎಕರೆ ತೋಟ, ಹಿಂದೆ ಐದು ಎಕರೆ ಬೆಟ್ಟ" ಎಂದಾಗ ಆ ಐದು ಎಕರೆ ಸೊಪ್ಪಿನಬೆಟ್ಟವಾಗಿರುತ್ತದೆ. ತೋಟಕ್ಕೆ ಸೊಪ್ಪು ತರುವ ಸವಲತ್ತಷ್ಟೇ ಅದರ ಮೇಲೆ ಇರುವುದು, ಒಡೆತನವಲ್ಲ. ದಕ್ಷಿಣ ಕನ್ನಡದಲ್ಲಿ ಇಂಥದ್ದೇ ಕುಮ್ಕಿ ಇದೆ, ಕೊಡಗಿನಲ್ಲಿ ಬಾಣೆ ಇದೆ. ಪ್ರತಿಯೊಂದಕ್ಕೂ ನಿಯಮ ಬೇರೆ. ಬೆಲೆಯನ್ನು ಪಹಣಿಯಲ್ಲಿರುವ ಜಾಗಕ್ಕೆ ಮಾತ್ರ ಕಟ್ಟಿ. ಮನೆಗೆ ಬರುವ ದಾರಿ ಗ್ರಾಮ ನಕಾಶೆಯಲ್ಲಿದೆಯೇ ಅಥವಾ ಪಕ್ಕದವರ ಸೌಜನ್ಯದ ಮೇಲೆ ನಡೆಯುತ್ತಿದೆಯೇ, ಗುಡ್ಡದಿಂದ ಇಳಿಯುವ ಅಬ್ಬಿ ನೀರಿನ ಪೈಪು ಯಾರ ತೋಟ ದಾಟಿ ಬರುತ್ತದೆ ಎಂಬುದನ್ನೂ ಕೇಳಿ, ಬರವಣಿಗೆಯಲ್ಲಿ ಮಾಡಿಸಿಕೊಳ್ಳಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಕ್ರಯಪತ್ರದ ಷೆಡ್ಯೂಲಿನಲ್ಲಿ "ಹೆಂಚಿನ ಮನೆ ಸಹಿತ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನೀವು ನೋಡಿದ ದಿನ ಇದ್ದ ಕೆತ್ತನೆಯ ಬಾಗಿಲು, ಜಗುಲಿಯ ಕಂಬ, ಬೀಟೆಯ ತೂಗುಮಂಚ, ಕಣಜ ಸ್ವಾಧೀನದ ದಿನ ಇರದೆ ಹೋಗಬಹುದು. ಕರಾರಿನಲ್ಲೇ ಕಂಬ ಎಷ್ಟು, ಬಾಗಿಲು ಎಷ್ಟು, ಅಟ್ಟದ ಹಲಗೆ ಸಮೇತ ಎಂದು ಪಟ್ಟಿ ಬರೆಸಿ, ಫೋಟೊ ಲಗತ್ತಿಸಿ. ಹಾಗೆಯೇ ಆ ಕುಟುಂಬದ ದೇವರು, ಭೂತನ ಕಲ್ಲು, ನಾಗಬನ ಆ ಜಾಗದಲ್ಲಿದ್ದರೆ ವರ್ಷಕ್ಕೊಮ್ಮೆ ಬಂದು ಪೂಜೆ ಮಾಡುವ ಅವಕಾಶವನ್ನು ನೀವಾಗಿಯೇ ಬರೆದುಕೊಡಿ. ಊರಿನವರ ಜೊತೆ ಬಾಳುವುದಕ್ಕೆ ಅಷ್ಟು ಒಳ್ಳೆಯ ಆರಂಭ ಇನ್ನೊಂದಿಲ್ಲ.

ನೋಂದಣಿ ಖರ್ಚಿನ ಅಂದಾಜು ಹೀಗೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಶೇ 10 ಸೆಸ್, ಗ್ರಾಮೀಣ ಪ್ರದೇಶದಲ್ಲಿ ಶೇ 3 ಮೇಲ್ತೆರಿಗೆ. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. 80 ಲಕ್ಷದ ವ್ಯವಹಾರಕ್ಕೆ ಎಲ್ಲ ಸೇರಿ 6 ಲಕ್ಷ 12 ಸಾವಿರ ರೂಪಾಯಿ ಬರುತ್ತದೆ. ನೋಂದಣಿಗೆ ಮೊದಲು ಆ ದಿನದ ದರವನ್ನು ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ.

ಬಿಚ್ಚಿ ತರುವುದೇ ಆದರೆ

ಕೆಲವು ಮನೆ ನಿಂತಲ್ಲಿ ಉಳಿಯುವುದಿಲ್ಲ. ರಸ್ತೆಗೋ ಅಣೆಕಟ್ಟೆಗೋ ಹೋಗುತ್ತವೆ, ಅಥವಾ ಮಾಲೀಕರು ಕೆಡವಿ ಆರ್‌ಸಿಸಿ ಮನೆ ಕಟ್ಟಲು ತೀರ್ಮಾನಿಸಿರುತ್ತಾರೆ. ಆಗ ಮರ ಗುಜರಿಗೋ ಬೆಂಕಿಗೋ ಹೋಗುವ ಬದಲು ನೀವು ತಂದರೆ ಒಳ್ಳೆಯದೇ. ಆದರೆ ಬರೀ ಕಂಬಗಳನ್ನು ತರಬೇಡಿ. ಚೌಕಟ್ಟನ್ನು ಇಡಿಯಾಗಿ ತನ್ನಿ. ಬಿಚ್ಚುವ ಮೊದಲು ನಕ್ಷೆ ಬರೆದು, ಪ್ರತಿ ಕಂಬ, ಬೋದಿಗೆ, ತೊಲೆ, ಜಂತೆಗೆ ತಗಡಿನ ಚೀಟಿ ಹೊಡೆದು ನಂಬರು ಹಾಕಿಸಿ. ಸೀಮೆಸುಣ್ಣದ ಗುರುತು ಮೊದಲ ಮಳೆಗೆ ಹೋಗುತ್ತದೆ. ಮರದ ಗೂಟಗಳನ್ನು ಹಿಂದಿನಿಂದ ಬಡಿದು ತೆಗೆಸಬೇಕು. ತೊಲೆಯ ತುದಿಯನ್ನು ಗರಗಸದಿಂದ ಕೊಯ್ದರೆ ಜೋಡಣೆ ಸತ್ತಂತೆ, ಆಮೇಲೆ ಅದು ಬರೀ ಮರದ ತುಂಡು.

ಸಾಗಿಸಲು ಅರಣ್ಯ ಇಲಾಖೆಯ ರಹದಾರಿ ಬೇಕು. ಹಳೆಯ ಮನೆಯ ಮರವಲ್ಲವೇ, ಯಾರು ಕೇಳುತ್ತಾರೆ ಎಂದುಕೊಂಡು ಹೊರಟರೆ ಲಾರಿ ತನಿಖಾ ಠಾಣೆಯಲ್ಲಿ ನಿಲ್ಲುತ್ತದೆ. ತೇಗ, ಬೀಟೆ ಇದ್ದರಂತೂ ಇನ್ನೂ ಕಟ್ಟುನಿಟ್ಟು. ಮನೆ ಕೆಡವುವ ಮೊದಲೇ ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು, ಮನೆ ನಿಂತಿರುವಾಗಲೇ ಅವರು ಬಂದು ನೋಡುವಂತೆ ಮಾಡಿ. ಮನೆಯ ಕಂದಾಯ ರಸೀದಿ, ಫೋಟೊ, ಮರದ ಅಳತೆ ಪಟ್ಟಿ ಜೊತೆಗಿರಲಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಹಳೆ ಮರ ಕೊಳ್ಳುವುದಾದರೂ ಬಿಲ್ ಇಲ್ಲದೆ ತರಬೇಡಿ.

ಕೊಂಡ ಮೇಲೆ ಮೊದಲ ವರ್ಷ

ಮೊದಲ ವರ್ಷ ಬಣ್ಣ, ಟೈಲ್ಸ್, ಸ್ನಾನದ ಮನೆಯ ಅಲಂಕಾರಕ್ಕೆ ಕೈ ಹಾಕಬೇಡಿ. ಮೊದಲು ಮಾಡು ಸರಿಯಾಗಲಿ, ನೀರು ಮನೆಯ ಬುಡದಿಂದ ದೂರ ಹೋಗುವ ಚರಂಡಿಯಾಗಲಿ. ಮಾಡಿನ ಮೇಲೆ ತಗಡಿನ ಶೀಟು ಹೊದಿಸಿಬಿಡಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಆ ಖರ್ಚಿನಲ್ಲಿ ಪಕಾಸಿ, ರೀಪು ಬದಲಿಸಿ ಹೆಂಚು ಮತ್ತೆ ಹೊದಿಸುವುದು ಬಹಳ ಕಡೆ ಸಾಧ್ಯ. ತೊಟ್ಟಿಗೆ ಪ್ಲಾಸ್ಟಿಕ್ ಹಾಳೆ ಮುಚ್ಚುವುದಾದರೆ ಸುತ್ತ ಗಾಳಿಯಾಡಲು ಜಾಗ ಬಿಡಿಸಿ. ಒಳಗಿನ ಉಸಿರು ಕಟ್ಟಿದರೆ ಮೇಲಿನ ಮರಕ್ಕೆ ತೇವ ಹಿಡಿಯುತ್ತದೆ.

ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬೇಡವೇ ಬೇಡ. ಮಣ್ಣುಗೋಡೆ ನೆಲದ ತೇವ ಹೀರಿ ಗಾಳಿಗೆ ಬಿಡುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ಆ ತೇವ ಒಳಗೇ ಉಳಿದು, ಗೋಡೆಯೊಳಗಿನ ತೊಲೆಯ ತುದಿಗೆ ದಾರಿ ಹುಡುಕುತ್ತದೆ. ಹಿಂದಿನ ಮಾಲೀಕರು ಆಗಲೇ ಸಿಮೆಂಟ್ ಮಾಡಿಸಿದ್ದರೆ ಕೆಳಗಿನ ಮೂರಡಿಯನ್ನಾದರೂ ಬಿಡಿಸಿ ಸುಣ್ಣದ ಗಾರೆ ಮಾಡಿಸಿ. ಮರಕ್ಕೂ ಅಷ್ಟೇ, ದಪ್ಪ ವಾರ್ನಿಷ್ ಬಳಿದು ಮುಚ್ಚಬೇಡಿ. ಅಗಸೆ ಎಣ್ಣೆ ಸವರಿದರೆ ಸಾಕು. ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಗೆದ್ದಲಿಗೆಂದು ಮಾಡಿನ ಮರಕ್ಕೆ ಹಚ್ಚುವ ರೂಢಿ ಹಳೆಯದು. ಕುಟ್ಟೆ ಹಿಡಿದ ಒಳಮರಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಹೊಡೆಸಬಹುದು. ಮಳೆ ತಾಗುವ ಮರಕ್ಕೆ ಅದು ನಿಲ್ಲುವುದಿಲ್ಲ, ನೀರಿಗೆ ತೊಳೆದುಹೋಗುತ್ತದೆ.

ವಿದ್ಯುತ್ ವೈರಿಂಗ್ ಪೂರ್ತಿ ಹೊಸದಾಗಿಸಿ. ಮರದ ಮನೆಗೆ ಬೆಂಕಿಯ ಭಯ ಇದ್ದೇ ಇದೆ. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಬೆಂಕಿಗೆ ಸಿಕ್ಕಿ ಹಾಳಾಯಿತು. ಈಗಿನ ಕಲ್ಲಿನ ಅರಮನೆ ಎದ್ದದ್ದು ಆಮೇಲೆ. ಅಟ್ಟದ ಹಲಗೆಯ ಮೇಲೆ ಇಲಿ ಕಡಿದ ಹಳೆ ವೈರು ಬಿದ್ದಿರುವ ಮನೆಗಳನ್ನು ನೋಡಿದ್ದೇನೆ. ವೈರುಗಳೆಲ್ಲ ಪೈಪಿನೊಳಗೆ ಹೋಗಲಿ, ಸೋರಿಕೆಯಾದರೆ ತಾನಾಗಿ ಕರೆಂಟು ಕಡಿಯುವ ಬ್ರೇಕರ್ ಇರಲಿ, ಅಟ್ಟಕ್ಕೊಂದು ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಕೊನೆಯದಾಗಿ, ನೀವು ಬೆಂಗಳೂರಿನಲ್ಲಿದ್ದು ತಿಂಗಳಿಗೊಮ್ಮೆ ಹೋಗಿಬರುವವರಾದರೆ ಆ ಮನೆಯಲ್ಲಿ ಒಂದು ಸಂಸಾರವನ್ನು ಇರಿಸಿ. ಕೊಟ್ಟಿಗೆಯ ಪಕ್ಕದ ಕೋಣೆ ಸಾಲದು, ಅವರಿಗೆ ಸರಿಯಾದ ಅಡುಗೆಮನೆ, ಬಚ್ಚಲು ಕಟ್ಟಿಸಿಕೊಡಿ, ತಿಂಗಳ ಸಂಬಳ ಕೊಡಿ. ಬಾಗಿಲು ತೆಗೆದು ಗಾಳಿಯಾಡಿಸುವುದು, ಒಲೆ ಹಚ್ಚುವುದು, ಮೊದಲ ಸೋರಿಕೆ ಕಂಡ ದಿನವೇ ಫೋನ್ ಮಾಡುವುದು ಅವರಿಂದ ಮಾತ್ರ ಸಾಧ್ಯ. ಹೆಂಚು ಕೈಯಾಡಿಸುವ ಕೆಲಸ ಪ್ರತಿ ವರ್ಷ ಮೇ ಮುಗಿಯುವುದರೊಳಗೆ ಆಗಬೇಕು. ಆ ಹೊತ್ತಿಗೆ ಊರಿನ ಎಲ್ಲ ಮನೆಗೂ ಅದೇ ಆಳುಗಳು ಬೇಕಾಗುತ್ತಾರೆ, ಆದ್ದರಿಂದ ಸಂಕ್ರಾಂತಿಗೆ ಊರಿಗೆ ಹೋದಾಗಲೇ ಮಾತಾಡಿ, ಮುಂಗಡ ಕೊಟ್ಟು ದಿನ ಗೊತ್ತು ಮಾಡಿಕೊಂಡು ಬನ್ನಿ.